ನದಿಗಳ ನಡುವೆ ಹಂಚಿಹೋದ ಸೇನೆಗಳು: 1971ರ ಪೂರ್ವ ರಣರಂಗದ ಮೇಜಿನಾಟವೊಂದರ ವಿಮರ್ಶೆ

1971ರ ಡಿಸೆಂಬರ್ 3ರಿಂದ 16ರವರೆಗೆ ಅಂದಿನ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಭಾರತ ಮತ್ತು ಪಾಕಿಸ್ತಾನಗಳ ನಡುವೆ ನಡೆದ ಯುದ್ಧವನ್ನು ಇಬ್ಬರು ಎದುರುಬದುರು ಕುಳಿತು ಆಡುವ ಮೇಜಿನಾಟವಾಗಿ ರೂಪಿಸಿದ ಪೆಟ್ಟಿಗೆಯೊಂದು ಈಚೆಗೆ ಹವ್ಯಾಸಿಗಳ ಕೈ ಸೇರಿದೆ. ಆಸಕ್ತರ ಸಣ್ಣ ಬಳಗವೊಂದು ಸ್ವಂತ ಖರ್ಚಿನಲ್ಲಿ ಮುದ್ರಿಸಿ, ಕೇಳಿದವರಿಗೆ ಅಂಚೆಯಲ್ಲಿ ಕಳುಹಿಸುತ್ತಿರುವ ಈ ಆಟದಲ್ಲಿ ಒಂದು ಸುತ್ತೆಂದರೆ ಒಂದು ದಿನ, ಒಂದು ಕಾಯಿಯೆಂದರೆ ಸಾಮಾನ್ಯವಾಗಿ ಒಂದು ಬ್ರಿಗೇಡ್ (ಕೆಲವು ಸಾವಿರ ಸೈನಿಕರ ಪಡೆ). ಯುದ್ಧದ ಆಟವೆಂದರೆ ದಾಳ ಉರುಳಿಸಿ ಎದುರಾಳಿಯ ಕಾಯಿ ಹೊಡೆಯುವುದಷ್ಟೇ ಎಂದುಕೊಂಡು ಪೆಟ್ಟಿಗೆ ತೆರೆದವರಿಗೆ ಮೊದಲ ಒಂದು ಗಂಟೆ ಬೇಸರ ತರಿಸಬಹುದು; ಏಕೆಂದರೆ ಆ ಸಮಯವೆಲ್ಲ ಎರಡೂ ಕಡೆಯ ಪಡೆಗಳನ್ನು ಅವುಗಳ ಡಿವಿಷನ್ (ಹಲವು ಬ್ರಿಗೇಡುಗಳ ಕೂಟ), ಕೋರ್ (ಹಲವು ಡಿವಿಷನ್‌ಗಳ ಕೂಟ) ಮತ್ತು ವಾಯುನೆಲೆಗಳ ಪ್ರಕಾರ ಜೋಡಿಸುವುದರಲ್ಲೇ ಕಳೆಯುತ್ತದೆ. ನನ್ನ ಮಟ್ಟಿಗೆ ಈ ಆಟದ ಸತ್ವವಿರುವುದು ಆ ಜೋಡಣೆಯಲ್ಲೇ. ಹದಿನಾಲ್ಕೇ ದಿನಗಳಲ್ಲಿ ಢಾಕಾ ಏಕೆ ಶರಣಾಯಿತು ಎಂಬ ಪ್ರಶ್ನೆಗೆ ಉತ್ತರದ ಬಹುಪಾಲು ಮೊದಲ ಗುಂಡು ಹಾರುವ ಮುನ್ನವೇ, ಯಾವ ಬ್ರಿಗೇಡ್ ಯಾರ ಕೈಕೆಳಗೆ, ಯಾವ ನದಿಯ ಯಾವ ದಡದಲ್ಲಿ ಇತ್ತು ಎಂಬುದರಲ್ಲಿ ಅಡಗಿದೆ. ಭೂಸೇನೆಯ ವಿಷಯದಲ್ಲಿ ಈ ಆಟ ಅದನ್ನು ಅಪರೂಪದ ನಿಷ್ಠೆಯಿಂದ ತೋರಿಸುತ್ತದೆ. ವಾಯುಪಡೆ ಮತ್ತು ಬಾಂಗ್ಲಾದೇಶದ ವಿಮೋಚನಾ ಸೇನೆಯಾದ ಮುಕ್ತಿವಾಹಿನಿಯ ವಿಷಯದಲ್ಲಿ ಅಷ್ಟೇ ಸ್ಪಷ್ಟವಾಗಿ ಎಡವುತ್ತದೆ.

ಮೊದಲು ನಕ್ಷೆಯ ಬಗ್ಗೆ ಹೇಳಬೇಕು. ದಪ್ಪ ರಟ್ಟಿಗೆ ಅಂಟಿಸಿದ, ಬಿಡಿಸಿದರೆ ಊಟದ ಮೇಜನ್ನು ಪೂರ್ತಿ ಆವರಿಸುವ ಈ ನಕ್ಷೆಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಊರುಗಳಲ್ಲ, ನೀರು. ಪಶ್ಚಿಮದಿಂದ ಪದ್ಮಾ, ಉತ್ತರದಿಂದ ಜಮುನಾ, ಈಶಾನ್ಯದಿಂದ ಮೇಘನಾ ಹರಿದು ಬಂದು ಕೂಡುವ ಈ ನಾಡು ಯುದ್ಧದ ಲೆಕ್ಕದಲ್ಲಿ ನಾಲ್ಕು ತುಂಡು: ಪದ್ಮಾದ ದಕ್ಷಿಣಕ್ಕೆ ಜೆಸ್ಸೋರ್ ಮತ್ತು ಖುಲ್ನಾ, ಜಮುನಾದ ಪಶ್ಚಿಮಕ್ಕೆ ರಂಗಪುರ ಮತ್ತು ಬೋಗ್ರಾ, ಮೇಘನಾದ ಪೂರ್ವಕ್ಕೆ ಸಿಲ್ಹೆಟ್, ಕೊಮಿಲ್ಲಾ, ಚಿತ್ತಗಾಂಗ್, ಇವುಗಳ ನಡುವಣ ಬಟ್ಟಲಿನಲ್ಲಿ ಮೈಮನಸಿಂಗ್, ಟಾಂಗೈಲ್ ಮತ್ತು ಢಾಕಾ. ಆಗ ಜಮುನಾಕ್ಕೆ ಸೇತುವೆಯೇ ಇರಲಿಲ್ಲ. ಪದ್ಮಾಕ್ಕೆ ಹಾರ್ಡಿಂಜ್ ರೈಲ್ವೆ ಸೇತುವೆ, ಮೇಘನಾಕ್ಕೆ ಆಶುಗಂಜ್ ಮತ್ತು ಭೈರಬ್ ಬಜಾರ್ ನಡುವಣ ರೈಲ್ವೆ ಸೇತುವೆ ಇದ್ದವು. ಒಂದು ತುಂಡಿನಲ್ಲಿರುವ ಪಡೆ ಇನ್ನೊಂದಕ್ಕೆ ನೆರವಾಗಬೇಕಾದರೆ ಅದಕ್ಕೆ ದೋಣಿ, ತೇಲುಸೇತುವೆ ಅಥವಾ ಹೆಲಿಕಾಪ್ಟರ್ ಬೇಕು. ಆಟದಲ್ಲಿ ಸಣ್ಣ ಹೊಳೆ ದಾಟಲೂ ಅರ್ಧ ಸುತ್ತು ಹೋಗುತ್ತದೆ, ದೊಡ್ಡ ನದಿ ದಾಟಲು ಸೇತುವೆ ಸಾಮಗ್ರಿಯ ಬಿಲ್ಲೆಯನ್ನು ಕೋರ್‌ನ ಖಾತೆಯಿಂದ ಖರ್ಚು ಮಾಡಬೇಕಾಗುತ್ತದೆ. ಆ ಬಿಲ್ಲೆಗಳು ಎಷ್ಟು ವಿರಳವೆಂದರೆ, ಅವನ್ನು ಎಲ್ಲಿ ಇಡಬೇಕೆಂಬ ನಿರ್ಧಾರವೇ ಭಾರತದ ಪರ ಆಡುವವರ ಮೊದಲ ನಿಜವಾದ ಆಜ್ಞೆಯಾಗುತ್ತದೆ.

ಭಾರತದ ಪಡೆಗಳ ರಚನೆಯೂ ಈ ನೀರಿನ ಗೆರೆಗಳನ್ನೇ ಅನುಸರಿಸಿತ್ತು. ಕೋಲ್ಕತ್ತದ ಫೋರ್ಟ್ ವಿಲಿಯಂನಲ್ಲಿದ್ದ ಪೂರ್ವ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ. ಅವರ ಚೀಫ್ ಆಫ್ ಸ್ಟಾಫ್ ಮೇಜರ್ ಜನರಲ್ ಜೇಕಬ್. ನೈಋತ್ಯದ ತುಂಡಿಗೆ ಅದೇ ವರ್ಷ ಕೃಷ್ಣನಗರದಲ್ಲಿ ಹೊಸದಾಗಿ ಕಟ್ಟಿದ 2ನೇ ಕೋರ್, ಲೆಫ್ಟಿನೆಂಟ್ ಜನರಲ್ ರೈನಾ ಅವರ ಕೈಕೆಳಗೆ. ಅದರಲ್ಲಿ 4ನೇ ಮೌಂಟನ್ ಡಿವಿಷನ್ ಮತ್ತು 9ನೇ ಇನ್‌ಫೆಂಟ್ರಿ ಡಿವಿಷನ್. ವಾಯವ್ಯಕ್ಕೆ ಸಿಲಿಗುರಿಯಿಂದ ಲೆಫ್ಟಿನೆಂಟ್ ಜನರಲ್ ಥಾಪನ್ ಅವರ 33ನೇ ಕೋರ್. ಅದರ ಮುಖ್ಯ ಬಲ ಮೇಜರ್ ಜನರಲ್ ಲಛ್ಮನ್ ಸಿಂಗ್ ಅವರ 20ನೇ ಮೌಂಟನ್ ಡಿವಿಷನ್. ಪೂರ್ವಕ್ಕೆ ತ್ರಿಪುರಾದಿಂದ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ 4ನೇ ಕೋರ್. ಅದರಲ್ಲಿ 8, 23 ಮತ್ತು 57ನೇ ಮೌಂಟನ್ ಡಿವಿಷನ್‌ಗಳು. ಉತ್ತರದಿಂದ ಢಾಕಾಕ್ಕೆ ನೇರವಾಗಿ ಇಳಿಯುವ ದಾರಿಯಲ್ಲಿ ಮಾತ್ರ ಕೋರ್ ಇರಲಿಲ್ಲ, ಡಿವಿಷನ್ ಸಹ ಇರಲಿಲ್ಲ. ಅಲ್ಲಿದ್ದದ್ದು 101 ಕಮ್ಯುನಿಕೇಶನ್ ಝೋನ್, ಅಂದರೆ ಮೂಲತಃ ಸರಬರಾಜು ಮತ್ತು ಸಾಗಾಟ ನೋಡಿಕೊಳ್ಳುವ ಒಂದು ಪ್ರಧಾನ ಕಚೇರಿ. ಅದರ ಕೈಕೆಳಗೆ ಬ್ರಿಗೇಡಿಯರ್ ಹರ್ದೇವ್ ಸಿಂಗ್ ಕ್ಲೇರ್ ಅವರ 95ನೇ ಮೌಂಟನ್ ಬ್ರಿಗೇಡನ್ನೂ, ಬ್ರಿಗೇಡಿಯರ್ ಸಂತ್ ಸಿಂಗ್ ಅವರ ಎಫ್‌ಜೆ ಸೆಕ್ಟರ್ ಎಂಬ ಪಡೆಯನ್ನೂ ಇಟ್ಟು ಮೇಜರ್ ಜನರಲ್ ಗುರ್ಬಕ್ಷ್ ಸಿಂಗ್ ಗಿಲ್ ಅವರನ್ನು ಯುದ್ಧಕ್ಕೆ ಇಳಿಸಲಾಯಿತು.

ಆಟದ ವಿನ್ಯಾಸಕರು ಈ ವಿಚಿತ್ರವನ್ನು ಮುಚ್ಚಿಡದೆ ನಿಯಮವನ್ನಾಗಿ ಮಾಡಿರುವುದು ನನಗೆ ತುಂಬ ಹಿಡಿಸಿತು. ಪ್ರತಿ ಸುತ್ತಿನಲ್ಲಿ ಪ್ರತಿ ಕೋರ್‌ಗೆ ನಿಗದಿತ ಸಂಖ್ಯೆಯ ಆಜ್ಞೆಗಳು ಸಿಗುತ್ತವೆ. 101 ಝೋನ್‌ಗೆ ಅದರ ಅರ್ಧ ಮಾತ್ರ. ಒಂದು ಕೋರ್‌ನ ಕಾಯಿ ಇನ್ನೊಂದರ ಗಡಿರೇಖೆ ದಾಟಿದರೆ ಪೂರ್ವ ಕಮಾಂಡಿನ ಆಜ್ಞೆಯೊಂದು ಖರ್ಚಾಗುತ್ತದೆ. ಹಾಗಾಗಿ ಢಾಕಾಕ್ಕೆ ನೇರವಾದ, ನಡುವೆ ದೊಡ್ಡ ನದಿ ಅಡ್ಡವಿಲ್ಲದ ದಾರಿಯಲ್ಲಿ ಭಾರತದ ಪರ ಆಡುವವರ ಕೈಯಲ್ಲಿ ಅತಿ ಕಡಿಮೆ ಬಲ, ಅತಿ ಕಡಿಮೆ ಆಜ್ಞೆ ಇರುತ್ತದೆ. ಮೊದಲ ಸಲ ಆಡುವವರು ಇದನ್ನು ವಿನ್ಯಾಸದ ದೋಷವೆಂದು ಭಾವಿಸುವ ಸಾಧ್ಯತೆಯಿದೆ. ಆದರೆ ಅಂದಿನ ವಾಸ್ತವವೇ ಹಾಗಿತ್ತು. ಢಾಕಾವನ್ನೇ ಹಿಡಿಯುವುದು ಆರಂಭದ ಯೋಜನೆಯಲ್ಲಿ ಎಷ್ಟರಮಟ್ಟಿಗೆ ಸ್ಪಷ್ಟವಾಗಿತ್ತು ಎಂಬುದರ ಬಗ್ಗೆ ಆ ಯುದ್ಧ ನಡೆಸಿದ ಸೇನಾಧಿಕಾರಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಕೋರ್‌ಗಳಿಗೆ ಕೊಟ್ಟ ಗುರಿಗಳಂತೂ ತಮ್ಮ ತಮ್ಮ ನದಿಯ ದಡದ ತನಕದವು. ಡಿಸೆಂಬರ್‌ನ ಮೊದಲ ವಾರದಲ್ಲೇ ಗಿಲ್ ಅವರ ವಾಹನ ನೆಲಬಾಂಬಿಗೆ ಸಿಕ್ಕಿ ಅವರು ತೀವ್ರವಾಗಿ ಗಾಯಗೊಂಡರು, ಮೇಜರ್ ಜನರಲ್ ಗಂಧರ್ವ ನಾಗ್ರಾ ಅವರ ಜಾಗಕ್ಕೆ ಬಂದರು. ಕೊನೆಗೆ ಡಿಸೆಂಬರ್ 16ರ ಬೆಳಗ್ಗೆ ಮೀರ್‌ಪುರ ಸೇತುವೆಯ ಬಳಿ ನಿಂತು, ಪೂರ್ವದಲ್ಲಿದ್ದ ಪಾಕಿಸ್ತಾನಿ ಸೇನೆಯ ಮುಖ್ಯಸ್ಥ ನಿಯಾಜಿ ಅವರಿಗೆ ಚೀಟಿ ಕಳುಹಿಸಿದ್ದು ಈ ಸಾಗಾಟದ ಕಚೇರಿಯ ಸೇನಾನಿಯೇ.

ಭಾರತದ ಕಡೆಯ ಇನ್ನೊಂದು ಸೂಕ್ಷ್ಮವನ್ನೂ ಆಟ ಚೆನ್ನಾಗಿ ಹಿಡಿದಿದೆ. ಹೆಸರೇ ಹೇಳುವಂತೆ ಇಲ್ಲಿದ್ದ ಡಿವಿಷನ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಮೌಂಟನ್ ಡಿವಿಷನ್‌ಗಳು. ಚೀನಾದ ಗಡಿಗಾಗಿ ಕಟ್ಟಿದವು. ಬೆಟ್ಟದ ಕಾಳಗಕ್ಕೆ ತಕ್ಕಂತೆ ಹಗುರ ಫಿರಂಗಿ, ಕಡಿಮೆ ವಾಹನ. ಬಯಲಿನ ನದಿ ದಾಟಲು ಬೇಕಾದ ಸಾಮಗ್ರಿ ಅವುಗಳ ಬಳಿ ಸಹಜವಾಗಿ ಇರುವಂಥದ್ದಲ್ಲ. ಚಳಿಗಾಲದಲ್ಲಿ ಹಿಮಾಲಯದ ಕಣಿವೆ ದಾರಿಗಳು ಹಿಮದಿಂದ ಮುಚ್ಚುತ್ತವೆ, ಆಗ ಉತ್ತರದಿಂದ ಈ ಪಡೆಗಳನ್ನು ಕೆಳಗಿಳಿಸಬಹುದು ಎಂಬುದು ಯುದ್ಧವನ್ನು ಮಳೆಗಾಲ ದಾಟಿಸಿ ವರ್ಷದ ಕೊನೆಗೆ ತಂದ ಕಾರಣಗಳಲ್ಲಿ ಒಂದು. ಆಟದಲ್ಲಿ ಮೌಂಟನ್ ಬ್ರಿಗೇಡಿನ ಕಾಯಿಗಳಿಗೆ ಕಾಲುನಡಿಗೆಯ ಬಲ ಹೆಚ್ಚು, ಫಿರಂಗಿಯ ಬಲ ಕಡಿಮೆ. ಎದುರಾಳಿ ಬಲವಾಗಿ ಬೇರೂರಿದ ಕಡೆ ಅವು ತಲೆ ಚಚ್ಚಿಕೊಂಡು ನಿಲ್ಲುತ್ತವೆ, ಸುತ್ತುಹಾಕಿ ಹಿಂದಕ್ಕೆ ಹೋದರೆ ಗೆಲ್ಲುತ್ತವೆ. ವಾಯವ್ಯ ಗಡಿಯ ಹಿಲ್ಲಿಯಲ್ಲಿ ನವೆಂಬರ್ ಕೊನೆಯ ವಾರದಿಂದ 20ನೇ ಡಿವಿಷನ್ ಅನುಭವಿಸಿದ್ದು ಮೊದಲನೆಯದು. ಬ್ರಿಗೇಡಿಯರ್ ಜೋಗಿಂದರ್ ಸಿಂಗ್ ಬಕ್ಷಿ ಅವರ 340ನೇ ಬ್ರಿಗೇಡ್ ಹಿಲ್ಲಿಯನ್ನು ಬದಿಗೆ ಬಿಟ್ಟು ಬೋಗ್ರಾ ಕಡೆಗೆ ನುಗ್ಗಿ ಸಾಧಿಸಿದ್ದು ಎರಡನೆಯದು. ಇಷ್ಟು ಸೂಕ್ಷ್ಮವಾಗಿ ನೋಡಿದವರು 6ನೇ ಮೌಂಟನ್ ಡಿವಿಷನ್ನನ್ನು ಮೊದಲ ದಿನದಿಂದಲೇ ಬಿಡುಗಡೆಯಾಗಿ ಆಟಗಾರರ ಕೈಗೆ ಕೊಟ್ಟಿರುವುದು ಮಾತ್ರ ಸರಿಯಲ್ಲ. ಉತ್ತರದ ಗಡಿಯ ಚಿಂತೆಯಿಂದ ದೆಹಲಿಯ ಸೇನಾ ಪ್ರಧಾನ ಕಚೇರಿ ಅದನ್ನು ಹಿಡಿದಿಟ್ಟುಕೊಂಡಿತ್ತು. ಆ ನಿರ್ಬಂಧವನ್ನು ತೆಗೆದರೆ ವಾಯವ್ಯದ ಲೆಕ್ಕಾಚಾರವೇ ಸಡಿಲವಾಗುತ್ತದೆ. ನನ್ನ ಸಲಹೆಯೆಂದರೆ, ಈ ಡಿವಿಷನ್ನಿನ ಕಾಯಿಗಳನ್ನು ಪೆಟ್ಟಿಗೆಯಲ್ಲೇ ಇಟ್ಟು ಆಡುವುದು.

ಪಾಕಿಸ್ತಾನದ ಕಡೆಯ ರಚನಾಪಟ ಈ ಪೆಟ್ಟಿಗೆಯಲ್ಲಿರುವ ಅತ್ಯುತ್ತಮ ವಸ್ತು. ಮಾರ್ಚ್ 1971ರವರೆಗೆ ಪೂರ್ವದಲ್ಲಿ ಇದ್ದದ್ದು 14ನೇ ಡಿವಿಷನ್ ಒಂದೇ. ಸೇನಾ ಕಾರ್ಯಾಚರಣೆ ಆರಂಭವಾದ ಮೇಲೆ 9 ಮತ್ತು 16ನೇ ಡಿವಿಷನ್‌ಗಳನ್ನು ಪಶ್ಚಿಮದಿಂದ ವಿಮಾನದಲ್ಲಿ ತರಲಾಯಿತು. ಜನವರಿ ಕೊನೆಯಲ್ಲಿ ‘ಗಂಗಾ’ ವಿಮಾನವನ್ನು ಅಪಹರಿಸಿ ಲಾಹೋರಿನಲ್ಲಿ ಸುಟ್ಟ ಪ್ರಕರಣದ ನಂತರ ಭಾರತ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನಗಳ ಹಾರಾಟವನ್ನು ನಿಷೇಧಿಸಿತ್ತು. ಹೀಗಾಗಿ ಈ ಸೈನಿಕರೆಲ್ಲ ಸಿಲೋನನ್ನು ಬಳಸಿಕೊಂಡು ಬರಬೇಕಾಯಿತು. ಮನುಷ್ಯರು ಬಂದರು, ಭಾರಿ ಫಿರಂಗಿ ಮತ್ತು ವಾಹನಗಳು ಹಿಂದೆ ಉಳಿದವು. ಆಟದಲ್ಲಿ ಈ ಎರಡು ಡಿವಿಷನ್‌ಗಳ ಕಾಯಿಗಳ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆಯಿದೆ. ಚುಕ್ಕೆಯಿರುವ ಕಾಯಿ ತನ್ನ ಕೋಟೆ ಊರಿನಿಂದ ಹೊರಬಿದ್ದ ಕ್ಷಣ ಫಿರಂಗಿಯ ಬಲವನ್ನು ಪೂರ್ತಿ ಕಳೆದುಕೊಳ್ಳುತ್ತದೆ. ವಿವರಣೆಯ ಒಂದು ಪುಟವನ್ನು ಈ ಒಂದು ಚುಕ್ಕೆ ಉಳಿಸಿದೆ.

ಯುದ್ಧ ಹತ್ತಿರವಾದಾಗ ಲೆಫ್ಟಿನೆಂಟ್ ಜನರಲ್ ನಿಯಾಜಿ ಈ ಮೂರರ ಜತೆಗೆ ಇನ್ನೆರಡು ತಾತ್ಕಾಲಿಕ ಡಿವಿಷನ್‌ಗಳನ್ನು ಕಟ್ಟಿದರು: ಢಾಕಾ ಮತ್ತು ಮೈಮನಸಿಂಗ್ ಭಾಗಕ್ಕೆ ಮೇಜರ್ ಜನರಲ್ ಜಮ್ಶೇದ್ ಅವರ 36ನೆಯದು, ಚಾಂದ್‌ಪುರದಲ್ಲಿ ಮೇಜರ್ ಜನರಲ್ ರಹೀಂ ಖಾನ್ ಅವರ 39ನೆಯದು. ಸೈನಿಕರ ಸಂಖ್ಯೆ ಅಷ್ಟೇ, ನಾಮಫಲಕ ಮಾತ್ರ ಹೆಚ್ಚು. ಅರೆಸೇನಾ ಪಡೆಗಳನ್ನೂ ಪೊಲೀಸರನ್ನೂ ರಜಾಕಾರರನ್ನೂ (ಪಾಕಿಸ್ತಾನದ ಪರವಿದ್ದ ಸ್ಥಳೀಯ ಸಶಸ್ತ್ರ ಪಡೆಯವರು) ಸೇರಿಸಿ ಖಾಲಿ ಜಾಗ ತುಂಬಲಾಯಿತು. ಎದುರಾಳಿಗೆ ಹೆಚ್ಚು ಡಿವಿಷನ್‌ಗಳಿವೆ ಎಂಬ ಭ್ರಮೆ ಹುಟ್ಟಿಸುವ ಉದ್ದೇಶ ಇದರಲ್ಲಿದ್ದರೂ, ಪ್ರತಿಯೊಂದು ಹೊಸ ಪ್ರಧಾನ ಕಚೇರಿಗೂ ತನ್ನದೇ ಭೂಭಾಗ ಕಾಯುವ ಹೊಣೆ ಬಂತು. ಇಡೀ ಪ್ರಾಂತ್ಯದ ಮೀಸಲು ಬಲ ಕರಗಿತು. 53ನೇ ಬ್ರಿಗೇಡಿನ ಕಥೆಯೇ ಇದಕ್ಕೆ ಸಾಕ್ಷಿ. ಢಾಕಾದಲ್ಲಿ ಕೇಂದ್ರ ಮೀಸಲಾಗಿದ್ದ ಈ ಬ್ರಿಗೇಡನ್ನು ನವೆಂಬರ್‌ನಲ್ಲಿ ಫೆನಿ ಮತ್ತು ಲಕ್ಷಾಮ್ ಕಡೆಗೆ, 39ನೇ ಡಿವಿಷನ್ನಿನ ಕೈಗೆ ಕೊಡಲಾಯಿತು. ಆಟದ ಆರಂಭದ ಜೋಡಣೆಯಲ್ಲಿ ಪಾಕಿಸ್ತಾನದ ಪರ ಆಡುವವರು ಈ ಕಾಯಿಯನ್ನು ತಾವೇ ಢಾಕಾದಿಂದ ಎತ್ತಿ ಮೇಘನಾದ ಆಚೆ ದಡದಲ್ಲಿ ಇಡಬೇಕೆಂದು ನಿಯಮ ಪುಸ್ತಿಕೆ ಹೇಳುತ್ತದೆ. ಇಟ್ಟ ಮೇಲೆ ಢಾಕಾದ ಮನೆಯಲ್ಲಿ ನಿಯತ ಸೇನೆಯ ಒಂದೇ ಒಂದು ಪೂರ್ಣ ಬ್ರಿಗೇಡಿನ ಕಾಯಿಯೂ ಉಳಿಯುವುದಿಲ್ಲ. ನನ್ನೆದುರು ಆಡುತ್ತಿದ್ದ ಗೆಳೆಯರು ಆ ಕಾಯಿಯನ್ನು ಬೆರಳ ನಡುವೆ ಹಿಡಿದು, ‘ಇದನ್ನು ಇಲ್ಲೇ ಬಿಟ್ಟರೆ ಏನಾಗುತ್ತಿತ್ತು?’ ಎಂದು ಕೇಳಿದರು. ಪುಸ್ತಿಕೆಯ ಕೊನೆಯಲ್ಲಿ ಅದನ್ನು ಅಲ್ಲೇ ಬಿಟ್ಟು ಆಡುವ ಐಚ್ಛಿಕ ನಿಯಮವೂ ಇದೆ. ಹಾಗೆ ಆಡಿದಾಗ ಡಿಸೆಂಬರ್ 16ರ ಸುತ್ತಿಗೆ ಢಾಕಾ ಬೀಳುವುದು ಕಷ್ಟವಾಗುತ್ತದೆ, ಆದರೆ ಕೊಮಿಲ್ಲಾದ ದಕ್ಷಿಣ ಭಾಗ ಬಹು ಬೇಗ ಕುಸಿಯುತ್ತದೆ.

ನಿಯಾಜಿ ಅವರ ಕೋಟೆ ನೀತಿಯನ್ನು ಆಟಕ್ಕೆ ಇಳಿಸಿರುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗಡಿಯುದ್ದಕ್ಕೂ ಹೊರಠಾಣೆಗಳನ್ನು ಹಿಡಿದು ಕಾದಾಡುವುದು, ಒತ್ತಡ ಹೆಚ್ಚಾದಾಗ ಜೆಸ್ಸೋರ್, ಬೋಗ್ರಾ, ರಂಗಪುರ, ಜಮಾಲಪುರ, ಸಿಲ್ಹೆಟ್, ಕೊಮಿಲ್ಲಾದಂತಹ ಊರುಗಳಿಗೆ ಸರಿದು ಅವನ್ನೇ ಕೋಟೆಗಳಾಗಿಸಿ ಕೊನೆಯವರೆಗೂ ಹಿಡಿದುಕೊಳ್ಳುವುದು ಆ ನೀತಿಯ ತಿರುಳು. ಬಹುಪಾಲು ಸೈನಿಕರು ಬೀಳುವ ತನಕ ಮೇಲಿನ ಅನುಮತಿಯಿಲ್ಲದೆ ಹಿಂದೆಗೆಯಕೂಡದೆಂಬ ಆಜ್ಞೆಯೂ ಇತ್ತು. ಒಂದು ಜಿಲ್ಲೆಯೂ ಕೈಬಿಟ್ಟು ಅಲ್ಲಿ ಬಾಂಗ್ಲಾದೇಶದ ಸರ್ಕಾರ ಸ್ಥಾಪನೆಯಾಗಬಾರದು ಎಂಬ ರಾಜಕೀಯ ಆತಂಕ ಇದರ ಹಿಂದಿತ್ತು. ಆಟದಲ್ಲಿ ಪಾಕಿಸ್ತಾನದ ಕಾಯಿ ಸ್ವಇಚ್ಛೆಯಿಂದ ಹಿಂದೆ ಸರಿಯಬೇಕಾದರೆ ಢಾಕಾದ ಆಜ್ಞೆ ಬೇಕು. ಪ್ರತಿ ಸುತ್ತಿಗೆ ಅಂಥದ್ದು ಎರಡೇ. ಡಿಸೆಂಬರ್ 7ರ ನಂತರ ಒಂದೇ. ಕೋಟೆಗಳ ನಡುವಿನ ಜಾಗವನ್ನು ಯಾರೂ ಕಾಯುತ್ತಿಲ್ಲ ಎಂಬುದು ಪಾಕಿಸ್ತಾನದ ಪರ ಆಡುವವರಿಗೆ ಮೂರನೆಯ ಸುತ್ತಿಗೇ ಅರಿವಾಗುತ್ತದೆ, ಆಜ್ಞೆಗಳು ಆ ಹೊತ್ತಿಗೆ ಮುಗಿಯುತ್ತ ಬಂದಿರುತ್ತವೆ.

ಜೆಸ್ಸೋರ್ ಈ ನಿಯಮದ ಅತ್ಯುತ್ತಮ ಪರೀಕ್ಷೆ. ಮೇಜರ್ ಜನರಲ್ ಅನ್ಸಾರಿ ಅವರ 9ನೇ ಡಿವಿಷನ್ನಿನಲ್ಲಿ ಎರಡು ಮುಖ್ಯ ಬ್ರಿಗೇಡುಗಳು: ಝೆನೈದಾ ಭಾಗದಲ್ಲಿ 57, ಜೆಸ್ಸೋರಿನಲ್ಲಿ 107. ನಿಜವಾದ ಯುದ್ಧದಲ್ಲಿ ಜೆಸ್ಸೋರ್ ಕೋಟೆ ಡಿಸೆಂಬರ್ 7ರಂದು ಹೋರಾಟವಿಲ್ಲದೆಯೇ ಭಾರತದ ಕೈಸೇರಿತು; 107ನೇ ಬ್ರಿಗೇಡ್ ದಕ್ಷಿಣಕ್ಕೆ ಖುಲ್ನಾದತ್ತ ಸರಿಯಿತು, 57ನೆಯದು ಉತ್ತರಕ್ಕೆ ಹಾರ್ಡಿಂಜ್ ಸೇತುವೆ ದಾಟಿ 16ನೇ ಡಿವಿಷನ್ನಿನ ಪ್ರದೇಶ ಸೇರಿತು. ಡಿವಿಷನ್ ಎರಡು ಹೋಳಾಯಿತು. ಢಾಕಾದ ದಾರಿ ಕಾಯಲು ಈ ಎರಡರಲ್ಲಿ ಯಾವುದೂ ಉಳಿಯಲಿಲ್ಲ. ಆಟದಲ್ಲಿ ಈ ಎರಡೂ ಕಾಯಿಗಳನ್ನು ಪದ್ಮಾದ ದಡಕ್ಕೆ ತರಲು ನಾವು ಎಷ್ಟು ಪ್ರಯತ್ನಪಟ್ಟರೂ ಆಜ್ಞೆಗಳು ಸಾಲದೆ ಹೋಗುತ್ತಿದ್ದವು: ಒಂದನ್ನು ಎಳೆದರೆ ಇನ್ನೊಂದು ಸಿಕ್ಕಿಬೀಳುತ್ತಿತ್ತು. ಅತ್ತ 2ನೇ ಕೋರ್ ಕೂಡ ಖುಲ್ನಾದ ಕಡೆಗೆ ಸೆಳೆಯಲ್ಪಟ್ಟು ತನ್ನ ದೊಡ್ಡ ಪಾಲಿನ ಬಲವನ್ನು ಅಲ್ಲಿ ಕಳೆಯುತ್ತದೆ. 9ನೇ ಇನ್‌ಫೆಂಟ್ರಿ ಡಿವಿಷನ್ನಿಗೆ ಆದದ್ದೂ ಅದೇ. ಎರಡೂ ಕಡೆಯ ಮಿತಿಯನ್ನು ಒಂದೇ ನಿಯಮದಿಂದ ಹೊರತಂದಿರುವ ಈ ಭಾಗದ ವಿನ್ಯಾಸಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ.

ಆಟದ ಶಿಖರ ಡಿಸೆಂಬರ್ 9ರ ಸುತ್ತು. ಹಿಮ್ಮೆಟ್ಟುತ್ತಿದ್ದ ಪಾಕಿಸ್ತಾನಿ ಪಡೆ ಮೇಘನಾದ ಸೇತುವೆಯನ್ನು ಸ್ಫೋಟಿಸಿ ಭೈರಬ್ ಬಜಾರಿನಲ್ಲಿ ಬೇರೂರಿದಾಗ, ಸಗತ್ ಸಿಂಗ್ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಅವರ ಮೇಲ್ವಿಚಾರಣೆಯಲ್ಲಿ ಎಂಐ-4 ಹೆಲಿಕಾಪ್ಟರುಗಳಿಂದ 57ನೇ ಡಿವಿಷನ್ನಿನ ಸೈನಿಕರನ್ನು ನದಿಯ ಆಚೆ ರಾಯಪುರ ಬಳಿ, ನಂತರ ನರಸಿಂಗ್ದಿಯಲ್ಲಿ ಇಳಿಸಿದರು. ಆಟದಲ್ಲಿ ಇದಕ್ಕಾಗಿ 311 ಮತ್ತು 73ನೇ ಬ್ರಿಗೇಡುಗಳ ಕಾಯಿಗಳನ್ನು ಬೆಟಾಲಿಯನ್‌ಗಳಾಗಿ ಒಡೆದು, ಒಂದೊಂದು ಹಾರಾಟಕ್ಕೆ ಒಂದೊಂದು ತುಣುಕಿನಂತೆ ದಾಟಿಸಬೇಕು. ಹಗಲಿನಲ್ಲಿ ದಾಟಿಸಿದ ತುಣುಕಿಗೆ ಆ ಸುತ್ತಿನಲ್ಲಿ ಫಿರಂಗಿ ಇಲ್ಲ, ವಾಹನವಿಲ್ಲ. ಪ್ರತಿದಾಳಿ ಬಂದರೆ ಉಳಿಯುವುದು ದಾಳದ ಕೈಯಲ್ಲಿ. ಭೈರಬ್‌ನಲ್ಲಿರುವ ಪಾಕಿಸ್ತಾನದ 27ನೇ ಬ್ರಿಗೇಡಿಗೆ ಹೊರಬರುವ ಆಜ್ಞೆ ಇದ್ದರೆ ಆಟವೇ ತಿರುಗಬಹುದು. ಅದಕ್ಕೆ ಸಾಮಾನ್ಯವಾಗಿ ಆಜ್ಞೆ ಸಿಗುವುದಿಲ್ಲ. ಆ ದಿನಗಳಲ್ಲಿ ಭೈರಬ್‌ನ ಪಡೆ ಕೋಟೆಯೊಳಗೇ ಕುಳಿತಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮೇಜಿನ ಮೇಲೆ ಆ ತುಣುಕುಗಳನ್ನು ಒಂದೊಂದಾಗಿ ನೀಲಿ ಗೆರೆಯ ಆಚೆ ಇಡುವಾಗ, ಯೋಜನೆಯಲ್ಲಿ ಇಲ್ಲದ ನದಿಯನ್ನು ದಾಟುವ ನಿರ್ಧಾರ ಆ ಸೇನಾನಿಗೆ ಎಷ್ಟು ಭಾರವಾಗಿದ್ದಿರಬೇಕೆಂದು ತಿಳಿಯುತ್ತದೆ.

ಇನ್ನು ವಾಯುಪಡೆ. ಇಲ್ಲಿ ನನ್ನ ಅಸಮಾಧಾನ ಗಂಭೀರವಾದುದು. ನೆಲದ ಮೇಲೆ ಇಷ್ಟು ಎಚ್ಚರ ತೋರಿದವರು ಆಕಾಶವನ್ನು ಒಂದು ಸಣ್ಣ ಪಟ್ಟಿಗೆ ಇಳಿಸಿ, ಎರಡೂ ಕಡೆಗೆ ‘ವಾಯುಬಲ’ ಎಂಬ ಅಂಕಗಳನ್ನು ಹಂಚಿ ಕೈತೊಳೆದುಕೊಂಡಿದ್ದಾರೆ. ಪೂರ್ವದಲ್ಲಿ ಪಾಕಿಸ್ತಾನದ ವಾಯುಪಡೆಗೆ ಯುದ್ಧವಿಮಾನಗಳ ಸ್ಕ್ವಾಡ್ರನ್ ಇದ್ದದ್ದು ಒಂದೇ: ಢಾಕಾದ ತೇಜ್‌ಗಾಂವ್ ವಾಯುನೆಲೆಯಲ್ಲಿದ್ದ 14ನೇ ಸ್ಕ್ವಾಡ್ರನ್ನಿನ ಇಪ್ಪತ್ತಕ್ಕಿಂತ ಕಡಿಮೆ ಸೇಬರ್ ವಿಮಾನಗಳು, ಏರ್ ಕಮೋಡೋರ್ ಇನಾಮುಲ್ ಹಕ್ ಅವರ ಕೈಕೆಳಗೆ. ಎದುರಿಗೆ ಭಾರತದ್ದು ಸುಮಾರು ಹತ್ತು ಯುದ್ಧ ಸ್ಕ್ವಾಡ್ರನ್‌ಗಳು: ಗುವಾಹಟಿ ಮತ್ತು ತೇಜ್‌ಪುರದಂತಹ ನೆಲೆಗಳಿಂದ ಮಿಗ್-21, ಹಾಶಿಮಾರಾ ಮತ್ತು ಕಲೈಕುಂಡಾದಿಂದ ಹಂಟರ್, ಪಾನಾಗಢದಿಂದ ಸುಖೋಯ್-7, ಡಂಡಂ ಸೇರಿದಂತೆ ಹಲವು ಕಡೆಯಿಂದ ನ್ಯಾಟ್. ಆಟದ ಪಟ್ಟಿಯಲ್ಲಿ ಪಾಕಿಸ್ತಾನಕ್ಕೆ ಎರಡು ಸ್ಕ್ವಾಡ್ರನ್‌ಗಳ ಅಂಕ ಕೊಟ್ಟಿರುವುದು ತಪ್ಪು. ಆಟದ ಸಮತೋಲಕ್ಕಾಗಿ ಹಾಗೆ ಮಾಡಿದ್ದರೂ ಅದನ್ನು ಪುಸ್ತಿಕೆಯಲ್ಲಿ ಹೇಳಬೇಕಿತ್ತು.

ಅಂಕಗಳಿಗಿಂತ ಹೆಚ್ಚು ನೋವಿನ ಸಂಗತಿಯೆಂದರೆ, ಎರಡೂ ವಾಯುಪಡೆಗಳ ಸಂಘಟನೆಯಲ್ಲಿದ್ದ ಮೂಲ ವ್ಯತ್ಯಾಸ ಕಾಣೆಯಾಗಿರುವುದು. ಪಾಕಿಸ್ತಾನದ ಇಡೀ ವಾಯುಬಲ ಒಂದೇ ಓಡುದಾರಿಯ ಮೇಲೆ ನಿಂತಿತ್ತು. ಡಿಸೆಂಬರ್ 4ರಂದು ಸೇಬರ್‌ಗಳು ಎದ್ದು ಕಾದಾಡಿದವು, ಭಾರತದ ಹಂಟರ್‌ಗಳೂ ನಷ್ಟ ಅನುಭವಿಸಿದವು. ಆದರೆ 6 ಮತ್ತು 7ರಂದು ಗುವಾಹಟಿಯ ಮಿಗ್-21ಗಳು ತೇಜ್‌ಗಾಂವ್‌ನ ಓಡುದಾರಿಗೆ 500 ಕಿಲೋ ಬಾಂಬುಗಳನ್ನು ಕಡಿದಾದ ಕೋನದಲ್ಲಿ ಇಳಿದು ಹಾಕಿ ಗುಂಡಿ ತೋಡಿದ ಮೇಲೆ ಒಂದು ಸೇಬರ್ ಸಹ ಮೇಲೇರಲಿಲ್ಲ. ವಿಮಾನಗಳು ಹೆಚ್ಚಿನವು ಉಳಿದಿದ್ದವು, ಹಾರಲು ನೆಲ ಇರಲಿಲ್ಲ. ಪೈಲಟ್‌ಗಳು ಬರ್ಮಾದ ಮೂಲಕ ಪಶ್ಚಿಮಕ್ಕೆ ಹೊರಟುಹೋದರು. ಆಟದಲ್ಲಿ ಓಡುದಾರಿ ಎಂಬ ವಸ್ತುವೇ ಇಲ್ಲದ ಕಾರಣ ಪಾಕಿಸ್ತಾನದ ವಾಯುಬಲ ಡಿಸೆಂಬರ್ 12ರವರೆಗೂ ಸ್ವಲ್ಪಸ್ವಲ್ಪವಾಗಿ ಸವೆಯುತ್ತ ಹೋಗುತ್ತದೆ, ಮೇಘನಾ ದಾಟುವ ಹೆಲಿಕಾಪ್ಟರುಗಳಿಗೆ ನಿಜವಾಗಿ ಇರದಿದ್ದ ಭಯವನ್ನು ತಂದೊಡ್ಡುತ್ತದೆ. ತೇಜ್‌ಗಾಂವ್‌ಗೆ ಒಂದೇ ಒಂದು ಬಿಲ್ಲೆ ಇಟ್ಟು, ಅದರ ಮೇಲೆ ದಾಳಿ ಸಫಲವಾದರೆ ಸೇಬರ್‌ಗಳು ನೆಲಹಿಡಿಯುವ ನಿಯಮ ಬರೆಯುವುದು ಅರ್ಧ ಪುಟದ ಕೆಲಸ.

ಭಾರತದ ಕಡೆಯಲ್ಲೂ ವಾಯು ಸಂಘಟನೆ ತನ್ನದೇ ಆದ ತೊಡಕುಗಳಿಂದ ಕೂಡಿತ್ತು, ಆಡಲು ಯೋಗ್ಯವಾದ ತೊಡಕುಗಳು ಅವು. ಭೂಸೇನೆಯ ಪೂರ್ವ ಕಮಾಂಡ್ ಕೋಲ್ಕತ್ತದಲ್ಲಿ, ಏರ್ ಮಾರ್ಷಲ್ ದಿವಾನ್ ಅವರ ಪೂರ್ವ ವಾಯು ಕಮಾಂಡ್ ಶಿಲ್ಲಾಂಗಿನಲ್ಲಿ, ವೈಸ್ ಅಡ್ಮಿರಲ್ ಕೃಷ್ಣನ್ ಅವರ ನೌಕಾ ಕಮಾಂಡ್ ವಿಶಾಖಪಟ್ಟಣದಲ್ಲಿ. ಈ ಅಂತರ ತುಂಬಲು ಫೋರ್ಟ್ ವಿಲಿಯಂನಲ್ಲಿ ವಾಯುಪಡೆಯ ಮುಂಗಡ ಕಚೇರಿ ತೆರೆಯಲಾಯಿತು, ಕೋರ್‌ಗಳ ಜತೆಗೆ ವಾಯುಪಡೆಯ ಕೇಂದ್ರಗಳನ್ನು ಇರಿಸಲಾಯಿತು. ಕೋರ್‌ಗೆ ಬೇಕಾದ ವಾಯುನೆರವು ಅದರ ಪಕ್ಕದ ಕೇಂದ್ರದ ಮೂಲಕ ಬರುತ್ತಿತ್ತು. ಆಜ್ಞೆಗಳ ನಿಯಮವನ್ನು ಇಷ್ಟು ಚೆನ್ನಾಗಿ ಕಟ್ಟಿದವರು ಅದೇ ಕ್ರಮದಲ್ಲಿ ವಾಯುನೆರವನ್ನೂ ಕೋರ್‌ಗಳಿಗೆ ಹಂಚಬಹುದಿತ್ತು. ಸದ್ಯದ ನಿಯಮದಲ್ಲಿ ಎಲ್ಲ ಅಂಕಗಳನ್ನೂ ಒಂದೇ ಹೋರಾಟಕ್ಕೆ ಸುರಿಯಬಹುದು. ಅನುಭವಿ ಆಟಗಾರರು ಹಿಲ್ಲಿಯನ್ನು ಎರಡೇ ದಿನದಲ್ಲಿ ಹೀಗೆ ಕೆಡವುತ್ತಾರೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪರವಾನಗಿಯಡಿ ತಯಾರಾಗುತ್ತಿದ್ದ ನ್ಯಾಟ್‌ಗಳು ನವೆಂಬರ್ 22ರಂದು ಗಡಿಯ ಬಳಿಯ ಬೋಯ್ರಾದ ಮೇಲೆ ಸೇಬರ್‌ಗಳನ್ನು ಉರುಳಿಸಿದ ಪ್ರಸಂಗಕ್ಕೆ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲದಿರುವುದು ಇಲ್ಲಿನ ಓದುಗರಿಗೆ ಕೊರತೆಯೆನಿಸುತ್ತದೆ. ವಿಕ್ರಾಂತ್ ನೌಕೆಯ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ನಡೆಸಿದ ದಾಳಿಗಳಿಗೆ ಮಾತ್ರ ಪ್ರತ್ಯೇಕ ಕಾಯಿಯಿದ್ದು, ಅದು ಸರಿಯಾಗಿ ಕೆಲಸ ಮಾಡುತ್ತದೆ.

ಮುಕ್ತಿವಾಹಿನಿಯನ್ನು ಆಟ ನಡೆಸಿಕೊಂಡಿರುವ ರೀತಿ ನನಗೆ ಒಪ್ಪಿಗೆಯಾಗಲಿಲ್ಲ. ಪ್ರತಿ ಸುತ್ತಿನ ಆರಂಭದಲ್ಲಿ ಭಾರತದ ಪರ ಆಡುವವರು ದಾಳ ಉರುಳಿಸಿ ಬಂದ ಸಂಖ್ಯೆಯಷ್ಟು ರಸ್ತೆಗಳನ್ನು ಕಡಿಯುತ್ತಾರೆ. ಮುಕ್ತಿವಾಹಿನಿಯ ಪಾತ್ರ ಅಲ್ಲಿಗೆ ಮುಗಿಯಿತು. ಕರ್ನಲ್ ಎಂ.ಎ.ಜಿ. ಉಸ್ಮಾನಿ ಅವರ ನೇತೃತ್ವದಲ್ಲಿ ದೇಶವನ್ನು 11 ಸೆಕ್ಟರ್‌ಗಳಾಗಿ ವಿಂಗಡಿಸಿ, ಬಹುತೇಕ ಎಲ್ಲಕ್ಕೂ ಸೇನಾನಿಗಳನ್ನು ನೇಮಿಸಿ, ಈಸ್ಟ್ ಬೆಂಗಾಲ್ ರೆಜಿಮೆಂಟಿನ ನಿಯತ ಬೆಟಾಲಿಯನ್‌ಗಳಿಂದ ಜಿಯಾವುರ್ ರಹಮಾನ್, ಖಾಲೆದ್ ಮುಶರ್ರಫ್ ಮತ್ತು ಶಫಿಉಲ್ಲಾ ಅವರ ಹೆಸರಿನ ಮೊದಲಕ್ಷರ ಹೊತ್ತ ಝಡ್, ಕೆ ಮತ್ತು ಎಸ್ ಫೋರ್ಸ್ ಎಂಬ ಮೂರು ಬ್ರಿಗೇಡುಗಳನ್ನು ಕಟ್ಟಿದ ಸೇನೆ ಅದು. ಡಿಸೆಂಬರ್ ಬರುವ ಹೊತ್ತಿಗೆ ಪಾಕಿಸ್ತಾನದ ಸೈನಿಕರು ಗಡಿಯ ಹೊರಠಾಣೆಗಳಿಗೆ ಅಂಟಿಕೊಂಡು ದಣಿದಿದ್ದರೆ ಅದಕ್ಕೆ ತಿಂಗಳುಗಟ್ಟಲೆ ನಡೆದ ಅವರ ಹೋರಾಟವೇ ಕಾರಣ. ಅದರ ಪುಟ್ಟ ವಾಯುಪಡೆ, ಸೆಪ್ಟೆಂಬರ್ ಕೊನೆಯಲ್ಲಿ ದಿಮಾಪುರದಲ್ಲಿ ಆರಂಭವಾದ ಕಿಲೋ ಫ್ಲೈಟ್, ಒಂದು ಆಟರ್ ವಿಮಾನ ಮತ್ತು ಒಂದು ಅಲುಯೆಟ್ ಹೆಲಿಕಾಪ್ಟರಿನಿಂದ ಡಿಸೆಂಬರ್ 3ರ ರಾತ್ರಿಯೇ ಚಿತ್ತಗಾಂಗ್ ಮತ್ತು ನಾರಾಯಣಗಂಜ್‌ನ ಇಂಧನ ಸಂಗ್ರಹಗಳನ್ನು ಹೊಡೆಯಿತು. ಡಿಸೆಂಬರ್ 11ರಂದು ಟಾಂಗೈಲ್ ಬಳಿ ಭಾರತದ 2 ಪ್ಯಾರಾ ಬೆಟಾಲಿಯನ್ ಪ್ಯಾರಾಚೂಟ್‌ಗಳಲ್ಲಿ ಇಳಿದಾಗ ಆ ನೆಲ ಸುರಕ್ಷಿತವಾಗಿದ್ದದ್ದು ಕಾದರ್ ಸಿದ್ದಿಕಿ ಅವರ ಹೋರಾಟಗಾರರಿಂದ. ಮೂರು ಫೋರ್ಸ್‌ಗಳಿಗೆ ಮೂರು ಕಾಯಿ, ಸೆಕ್ಟರ್‌ಗಳಿಗೆ ಒಂದೊಂದು ಬಿಲ್ಲೆ, ಟಾಂಗೈಲ್‌ಗೆ ಒಂದು ವಿಶೇಷ ನಿಯಮ: ಇಷ್ಟು ಕೊಟ್ಟಿದ್ದರೆ ಆಟ ಇತಿಹಾಸಕ್ಕೂ ಬಾಂಗ್ಲಾದೇಶದ ಜನರಿಗೂ ನ್ಯಾಯ ಸಲ್ಲಿಸುತ್ತಿತ್ತು. ತಮ್ಮ ನೆಲದ ಬಿಡುಗಡೆಗೆ ಹೋರಾಡಿದವರು ತಮ್ಮದೇ ಯುದ್ಧದ ಆಟದಲ್ಲಿ ಒಂದು ದಾಳದ ಸಂಖ್ಯೆಯಾಗಿ ಉಳಿಯಬಾರದು.

ವಸ್ತುವಿನ ಗುಣಮಟ್ಟದ ಬಗ್ಗೆ ಹೆಚ್ಚು ದೂರುಗಳಿಲ್ಲ. ಕಾಯಿಗಳ ರಟ್ಟು ಗಟ್ಟಿಯಾಗಿದೆ, ಅಂಚು ಬಿಡಿಸುವಾಗ ಹರಿಯುವುದಿಲ್ಲ. ಭಾರತದ ಕಂದು ಹಸಿರು ಮತ್ತು ಪಾಕಿಸ್ತಾನದ ಕಡುಹಸಿರು ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಂದೇ ಥರ ಕಾಣುವುದರಿಂದ ಸಂಜೆಯ ಮೇಲೆ ಆಡುವವರಿಗೆ ಕಣ್ಣು ನೋಯುತ್ತದೆ. ಎರಡರಲ್ಲಿ ಒಂದು ಬಣ್ಣ ಬದಲಾಗಬೇಕು. ನಿಯಮ ಪುಸ್ತಿಕೆಯ ಭಾಷೆ ತಿಳಿಯಾಗಿದ್ದರೂ ಮುತ್ತಿಗೆಯ ನಿಯಮ ಎರಡು ಅಧ್ಯಾಯಗಳಲ್ಲಿ ಹಂಚಿಹೋಗಿದೆ. ರಚನಾಪಟಗಳನ್ನು ಹೊಳಪಿನ ಕಾಗದದಲ್ಲಿ ಅಚ್ಚು ಹಾಕಿದ್ದಾರೆ, ಗೋಡೆಗೆ ಅಂಟಿಸಿಡುವಷ್ಟು ಚೆನ್ನಾಗಿವೆ. ಬೆಲೆ ಮೂರು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಅಂಚೆ ವೆಚ್ಚ ಬೇರೆ. ಒಂದು ಪೂರ್ಣ ಆಟಕ್ಕೆ ಇಡೀ ಭಾನುವಾರ ಬೇಕು, ಕಾಯಿಗಳನ್ನು ಅಲುಗಿಸದೆ ಬಿಟ್ಟಿರಲು ಒಂದು ಮೇಜೂ ಬೇಕು.

ಇತಿಹಾಸ ಬೋಧಿಸುವ ಅಧ್ಯಾಪಕರಿಗೆ, ಸೇನಾ ಚರಿತ್ರೆಯಲ್ಲಿ ಆಸಕ್ತಿಯಿರುವ ಕಾಲೇಜು ವಿದ್ಯಾರ್ಥಿಗಳಿಗೆ ಇದನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಬೇಗ ಮುಗಿಯುವ ಮನರಂಜನೆ ಬೇಕಾದವರು ದೂರ ಉಳಿಯುವುದು ಒಳಿತು. ಕೊಂಡವರು ನೇರವಾಗಿ ಪೂರ್ಣ ಆಟಕ್ಕೆ ಇಳಿಯದೆ, ಪುಸ್ತಿಕೆಯ ಕೊನೆಯಲ್ಲಿರುವ ಉತ್ತರ ವಲಯದ ಸಣ್ಣ ಆಟದಿಂದ ಆರಂಭಿಸಲಿ: ಒಂದು ಕಡೆ ಕಮಾಲಪುರದಿಂದ ಇಳಿಯುವ 95ನೇ ಬ್ರಿಗೇಡ್, ಇನ್ನೊಂದು ಕಡೆ ಜಮಾಲಪುರ ಮತ್ತು ಮೈಮನಸಿಂಗ್ ಹಿಡಿದಿರುವ ಬ್ರಿಗೇಡಿಯರ್ ಖಾದಿರ್ ಅವರ 93ನೇ ತಾತ್ಕಾಲಿಕ ಬ್ರಿಗೇಡ್, ನಡುವೆ ಟಾಂಗೈಲಿನ ದಾರಿ. ಪಾಕಿಸ್ತಾನದ ಪರ ಆಡುವವರು ಢಾಕಾಕ್ಕೆ ಹಿಂದೆಗೆಯುವ ಆಜ್ಞೆಯನ್ನು ಯಾವ ಸುತ್ತಿನಲ್ಲಿ ಕೊಡಬೇಕು, 2 ಪ್ಯಾರಾವನ್ನು ಯಾವ ಸೇತುವೆಯ ಬಳಿ ಇಳಿಸಬೇಕು ಎಂಬ ಎರಡೇ ಪ್ರಶ್ನೆಗಳ ಸುತ್ತ ಕಟ್ಟಿದ ಈ ಭಾಗ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಆಜ್ಞೆಗಳ ನಿಯಮವನ್ನು ಪೂರ್ತಿ ಕಲಿಸುತ್ತದೆ. ಎರಡನೆಯ ಮುದ್ರಣಕ್ಕೆ ತಿದ್ದುಪಡಿಗಳನ್ನು ಸ್ವೀಕರಿಸುತ್ತಿರುವುದಾಗಿ ಪುಸ್ತಿಕೆಯ ಒಳಪುಟದಲ್ಲಿ ಬರೆದಿದ್ದಾರೆ; ತೇಜ್‌ಗಾಂವ್‌ನ ಓಡುದಾರಿ, 6ನೇ ಡಿವಿಷನ್ನಿನ ನಿರ್ಬಂಧ ಮತ್ತು ಮುಕ್ತಿವಾಹಿನಿಯ ಮೂರು ಬ್ರಿಗೇಡುಗಳ ಬಗ್ಗೆ ನನ್ನ ಟಿಪ್ಪಣಿಯನ್ನು ಅವರಿಗೆ ಕಳುಹಿಸಿದ್ದೇನೆ.